ಆಹಾರದಾನಧುರಂಧರ ಜಗಡೂಶಾಹ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳು ಶ್ರಾವಕನ ನಿತ್ಯಧರ್ಮಗಳೆಂದು ಆಚಾರ್ಯರು ವಿಧಿಸಿದ್ದಾರೆ. ಶಾಸ್ತ್ರದಾನವೆಂದೊಡನೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಕನ್ನಡಿಗರ ನಾಲಗೆಯ ಮೇಲೆ ನಲಿಯುತ್ತದೆ. ಆಹಾರದಾನದ ವಿಷಯದಲ್ಲಿ ಗುರ್ಜರದೇಶದ ಜೈನರು ಅದೇ ಆದರದಿಂದ ಸ್ಮರಿಸುವ ಹೆಸರು ಹದಿಮೂರನೆಯ ಶತಮಾನದ ವರ್ತಕ ಜಗಡೂಶಾಹನದು. ಆತ ಶ್ವೇತಾಂಬರ ಸಂಪ್ರದಾಯದವನು. ಆದರೆ ಹಸಿವಿಗೂ ಅದನ್ನು ನೀಗುವ ಅನ್ನಕ್ಕೂ ಆಮ್ನಾಯಭೇದವಿಲ್ಲ.

ಜಗಡೂವಿನ ಚರಿತ್ರೆಯನ್ನು ಸರ್ವಾನಂದನೆಂಬ ಕವಿ ಸಂಸ್ಕೃತದಲ್ಲಿ ಏಳು ಸರ್ಗಗಳ ಜಗಡೂಚರಿತವೆಂಬ ಕಾವ್ಯವಾಗಿ ರಚಿಸಿದ್ದಾನೆ. 1892ರಲ್ಲಿ ಜರ್ಮನ್ ವಿದ್ವಾಂಸ ಬ್ಯೂಲರ್ ಅದನ್ನು ಪರಿಶೀಲಿಸಿ ವಿದ್ವಲ್ಲೋಕದ ಗಮನಕ್ಕೆ ತಂದನು. ಕಾವ್ಯವಾದುದರಿಂದ ಅದರಲ್ಲಿ ಅತಿಶಯೋಕ್ತಿ ಉಂಟು, ದೈವೀ ಪವಾಡಗಳೂ ಉಂಟು. ಅವನ್ನು ಬದಿಗಿರಿಸಿದ ಮೇಲೆಯೂ ಉಳಿಯುವ ಸಂಗತಿ ಸಾಮಾನ್ಯವಾದುದಲ್ಲ.

ಕಚ್ಛದೇಶದ ಸಮುದ್ರತೀರದಲ್ಲಿರುವ ಭದ್ರೇಶ್ವರ ಅಂದು ಸಂಪನ್ನವಾದ ಬಂದರು. ಶ್ರೀಮಾಲವಂಶದ ಸೋಲನೆಂಬ ವರ್ತಕನು ಕಂಥಕೋಟದಿಂದ ಅಲ್ಲಿಗೆ ಬಂದು ನೆಲೆಸಿದನು. ಆತನ ಮೂವರು ಪುತ್ರರಲ್ಲಿ ಜಗಡೂ ಹಿರಿಯ. ರಾಜ ಮತ್ತು ಪದ್ಮ ಎಂಬುವರು ತಮ್ಮಂದಿರು. ತಂದೆಯ ನಂತರ ಮನೆತನದ ಭಾರ ಹಿರಿಯನ ಹೆಗಲಿಗೆ ಬಿದ್ದಿತು. ಪತ್ನಿ ಯಶೋಮತಿ ಆತನ ಧರ್ಮಕಾರ್ಯಗಳಿಗೆ ಜೊತೆಯಾದವಳು. ಏಕಮಾತ್ರ ಪುತ್ರಿ ಮದುವೆಯಾದ ಅಲ್ಪಕಾಲದಲ್ಲಿಯೇ ವಿಧವೆಯಾದಳು. ಆಕೆಗೆ ಮರುವಿವಾಹ ಮಾಡಿಸಲು ಜಗಡೂ ಕುಲಬಾಂಧವರ ಸಮ್ಮತಿಯನ್ನು ಸಹ ಪಡೆದಿದ್ದನೆಂದೂ, ಮನೆಯ ಹಿರಿಯ ವಿಧವೆಯರಿಬ್ಬರು ಅಡ್ಡಿಯಾದುದರಿಂದ ಆ ಯೋಚನೆಯನ್ನು ಕೈಬಿಟ್ಟನೆಂದೂ ಕಾವ್ಯ ಹೇಳುತ್ತದೆ. ಏಳುನೂರು ವರ್ಷಗಳಿಗೂ ಹಿಂದೆ ಒಬ್ಬ ತಂದೆಯ ಮನಸ್ಸು ಅಷ್ಟು ದೂರ ಹೋಗಿತ್ತೆಂಬುದು ಗಮನಿಸತಕ್ಕ ಮಾತು.

ಜಗಡೂವಿನ ಹಡಗುಗಳು ಪಾರಸೀಕದ ಹೊರ್ಮುಜ್ ಬಂದರಿನವರೆಗೆ ಹೋಗಿಬರುತ್ತಿದ್ದವು. ಅಲ್ಲಿ ಆತನ ಪ್ರತಿನಿಧಿಯಾಗಿದ್ದ ಜಯಂತಸಿಂಹನು ಒಮ್ಮೆ ಒಂದು ಕಲ್ಲಿಗಾಗಿ ಸ್ತಂಭಪುರದ ತುರುಷ್ಕ ವರ್ತಕನೊಬ್ಬನ ಪ್ರತಿನಿಧಿಯೊಡನೆ ಹಠಕ್ಕೆ ಬಿದ್ದು, ಮೂರು ಲಕ್ಷ ದೀನಾರಗಳನ್ನು ತೆತ್ತು ಅದನ್ನು ಕೊಂಡು ತಂದನು. ಲಾಭವಿಲ್ಲದೆ ಹಣ ಸುರಿದ ನೌಕರನನ್ನು ಯಜಮಾನನು ದಂಡಿಸುವನೆಂದು ಜನ ಎಣಿಸಿದ್ದರು. ಪರದೇಶದಲ್ಲಿ ತನ್ನ ಮಾನವನ್ನು ಉಳಿಸಿದನೆಂದು ಜಗಡೂ ಅವನನ್ನು ಸನ್ಮಾನಿಸಿದನು. ಅಂಗಳದಲ್ಲಿ ಬಿದ್ದಿದ್ದ ಆ ಕಲ್ಲಿನೊಳಗೆ ರತ್ನಗಳು ದೊರೆತವೆಂಬುದು ಕಥೆ. ಪಾರದೇಶದ ಪೀಠದೇವನು ಕೆಡವಿದ್ದ ಭದ್ರೇಶ್ವರದ ಕೋಟೆಗೋಡೆಯನ್ನು ಆತನ ಬೆದರಿಕೆಗೆ ಮಣಿಯದೆ ಪುನಃ ಕಟ್ಟಿಸಿದವನೂ ಜಗಡೂವೇ. ಜಿನಾಲಯಗಳ ಜೀರ್ಣೋದ್ಧಾರ ಮಾಡಿಸಿ, ಶತ್ರುಂಜಯ ಹಾಗೂ ಗಿರಿನಾರಗಳಿಗೆ ಸಂಘಯಾತ್ರೆ ನಡೆಸಿದ ಆತನು ಊರಿನ ಮುಸಲ್ಮಾನ ವರ್ತಕರಿಗಾಗಿ ಒಂದು ಮಸೀದಿಯನ್ನೂ ಕಟ್ಟಿಸಿದನು.

ಪೂರ್ಣಿಮಾಗಚ್ಛದ ಪರಮದೇವಸೂರಿಗಳು ಜಗಡೂವಿನ ಗುರುಗಳು. ವಿಕ್ರಮ ಸಂವತ್ 1312 ಕಳೆದ ಮೇಲೆ ಮೂರು ವರ್ಷಗಳ ಘೋರ ಕ್ಷಾಮ ಒದಗಲಿದೆಯೆಂದು ಅವರು ಶಿಷ್ಯನಿಗೆ ಮುನ್ಸೂಚನೆಯಿತ್ತರು. ಕ್ರಿಸ್ತಶಕದ ಲೆಕ್ಕದಲ್ಲಿ ಅದು 1256ರಿಂದ 1258ರವರೆಗಿನ ಕಾಲ. ಜಗಡೂ ದೇಶದೇಶಗಳಿಗೆ ತನ್ನ ಜನರನ್ನು ಕಳುಹಿಸಿ ಧಾನ್ಯವನ್ನು ಕೊಳ್ಳಿಸಿ ಕಣಜಗಳಲ್ಲಿ ತುಂಬಿಸತೊಡಗಿದನು.

ಕ್ಷಾಮ ಬರುವುದೆಂದು ತಿಳಿದ ವರ್ತಕನೊಬ್ಬ ಕಣಜ ತುಂಬಿಸುವುದು ಲೋಕದಲ್ಲಿ ಅಪೂರ್ವವೇನಲ್ಲ. ಹಾಗೆ ತುಂಬಿಸಿ, ಬೆಲೆ ಏರುವವರೆಗೆ ಬಾಗಿಲು ಮುಚ್ಚಿ, ಬಳಿಕ ಒಂದಕ್ಕೆ ಹತ್ತು ಗಳಿಸಿದವರು ಎಲ್ಲ ಕಾಲಗಳಲ್ಲಿಯೂ ಇದ್ದಾರೆ. ಹೊರಗಿನಿಂದ ನೋಡುವವನಿಗೆ ದಾನಿಯ ಕಣಜವೂ ಕಳ್ಳಸಂಗ್ರಹಗಾರನ ಕಣಜವೂ ಒಂದೇ ತೆರನಾಗಿ ತೋರುತ್ತವೆ. ಅಂದಿನ ಜನರಿಗೂ ಜಗಡೂವಿನ ಮೇಲೆ ಸಂಶಯ ಬಂದಿದ್ದರೆ ಅವರನ್ನು ದೂಷಿಸುವಂತಿಲ್ಲ.

ಮಳೆ ಕೈಕೊಟ್ಟಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಅರಸರ ಉಗ್ರಾಣಗಳೇ ಬರಿದಾದವು. ಅಣಹಿಲವಾಡದ ಅರಸ ವೀಸಲದೇವನು, ಜಗಡೂವಿನ ನೂರಾರು ಕಣಜಗಳು ತುಂಬಿವೆಯೆಂದು ಕೇಳಿ, ಮಂತ್ರಿ ನಾಗಡನ ಮೂಲಕ ಆತನನ್ನು ಕರೆಯಿಸಿ ಧಾನ್ಯವನ್ನು ಕೇಳಿದನು. ಆ ಕಣಜಗಳಲ್ಲಿ ತನ್ನದೆಂಬ ಒಂದು ಕಾಳೂ ಇಲ್ಲವೆಂದು ಜಗಡೂ ಬಿನ್ನವಿಸಿದನು. ನಂಬಿಕೆಯಿಲ್ಲದಿದ್ದರೆ ಕಣಜದ ಇಟ್ಟಿಗೆಗಳ ನಡುವೆ ಇರಿಸಿದ ತಾಮ್ರಪತ್ರಗಳನ್ನು ತೆಗೆದು ನೋಡಬಹುದೆಂದನು. ತೆಗೆಸಿ ನೋಡಲಾಗಿ, ಆ ಧಾನ್ಯವನ್ನು ಜಗಡೂ ಬಡವರಿಗಾಗಿ ಕೂಡಿಟ್ಟಿರುವನೆಂಬ ಒಕ್ಕಣೆ ಅವುಗಳಲ್ಲಿತ್ತು. ಕ್ಷಾಮಕ್ಕೆ ಮೊದಲೇ, ಲೋಭ ಮನಸ್ಸನ್ನು ಹೊಗುವುದಕ್ಕೆ ಮುಂಚೆಯೇ, ಆತನು ತನ್ನ ಒಡೆತನವನ್ನು ತಾನೇ ಅಳಿಸಿಕೊಂಡಿದ್ದನು. ಪರಿಗ್ರಹಪರಿಮಾಣವೆಂಬ ಅಣುವ್ರತವನ್ನು ಇಷ್ಟು ಗಟ್ಟಿಯಾಗಿ ಲೋಹದ ಮೇಲೆ ಕೊರೆಯಿಸಿಟ್ಟ ಗೃಹಸ್ಥರು ವಿರಳ.

ಹೀಗಿದ್ದರೂ ಆತನು ಅರಸನನ್ನು ಬರಿಗೈಯಲ್ಲಿ ಕಳುಹಲಿಲ್ಲ. ವೀಸಲದೇವನಿಗೆ 8,000 ಮೂಟಕ, ಸಿಂಧದ ಒಡೆಯನಿಗೆ 12,000, ದೆಹಲಿಯ ಸುಲ್ತಾನನಿಗೆ 21,000, ಕಾಶಿಯ ಅರಸನಿಗೆ 32,000 ಮೂಟಕ ಧಾನ್ಯವನ್ನಿತ್ತನೆಂದು ಕವಿ ಲೆಕ್ಕ ಕೊಡುತ್ತಾನೆ. ಮೂಟಕವೆಂಬುದು ಅಂದಿನ ಅಳತೆ. ನಮ್ಮ ಕರಾವಳಿಯ ಅಕ್ಕಿಮುಡಿಯನ್ನು ನೆನಪಿಗೆ ತರುವ ಹೆಸರು, ಅಳತೆ ಒಂದೇ ಎಂದಲ್ಲ. ಈ ಅಂಕೆಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಕವಿ ಮೋಜದೀನನೆಂದು ಹೆಸರಿಸುವ ಸುಲ್ತಾನನು ಆ ವರ್ಷಗಳಲ್ಲಿ ದೆಹಲಿಯ ಗದ್ದುಗೆಯ ಮೇಲಿರಲಿಲ್ಲ. ಆಗ ಆಳುತ್ತಿದ್ದವನು ನಾಸಿರುದ್ದೀನ್ ಮಹಮೂದ್. ಆದರೂ ಅರಸರು ಒಬ್ಬ ವರ್ತಕನ ಮುಂದೆ ಕೈಯೊಡ್ಡಿದರೆಂಬ ನೆನಪು ಆಧಾರವಿಲ್ಲದೆ ಬೆಳೆಯುವಂಥದಲ್ಲ.

ಅರಸರಿಗಿತ್ತದ್ದಕ್ಕಿಂತ ಹಿರಿದಾದುದು ಅನ್ನಸತ್ರಗಳ ಕಾರ್ಯ. ಕಚ್ಛ, ಸೌರಾಷ್ಟ್ರ, ಗುಜರಾತಗಳಲ್ಲಿ ಮಾತ್ರವಲ್ಲದೆ ಮಾರವಾಡ, ಮಾಳವಗಳವರೆಗೆ ನೂರಕ್ಕೂ ಮಿಕ್ಕ ದಾನಶಾಲೆಗಳು ಆತನ ಹೆಸರಿನಲ್ಲಿ ನಡೆದುವೆಂದು ಪರಂಪರೆ ಹೇಳುತ್ತದೆ. ಧಾನ್ಯವನ್ನು ನಂಬಿದ, ಪ್ರಾಣಿಹಿಂಸೆಯ ಸೋಂಕಿಲ್ಲದ ಅನ್ನ ಅದು. ಮುನಿಗಳಿಗೆ ಭಕ್ತಿಯಿಂದ ನೀಡುವುದು ಪಾತ್ರದತ್ತಿ. ದೀನರಿಗೆ ಕರುಣೆಯಿಂದ ನೀಡುವುದು ದಯಾದತ್ತಿಯೆಂದು ಜಿನಸೇನಾಚಾರ್ಯರ ಆದಿಪುರಾಣ ವಿಂಗಡಿಸುತ್ತದೆ. ದಯಾದತ್ತಿಯಲ್ಲಿ ಪಾತ್ರಾಪಾತ್ರ ವಿಚಾರಕ್ಕೆ ಎಡೆಯಿಲ್ಲ, ಹಸಿವೆಯೊಂದೇ ಯೋಗ್ಯತೆ. ಇಂತಹ ಸತ್ರಗಳು ಧನವೊಂದರಿಂದಲೇ ನಡೆಯತಕ್ಕವೂ ಅಲ್ಲ. ಕಾಳು ಹಸನು ಮಾಡಿದವರು, ನೀರು ಹೊತ್ತವರು, ಒಲೆಯ ಮುಂದೆ ಬೆಂದವರು, ಪಂಕ್ತಿ ಮುಗಿಯುವವರೆಗೆ ತಾವು ಉಣ್ಣದೆ ನಿಂತು ಬಡಿಸಿದವರು ಎಷ್ಟು ಮಂದಿಯೋ! ಅವರ ಹೆಸರುಗಳನ್ನು ಕಾವ್ಯ ಹೇಳುವುದಿಲ್ಲ. ಪಂಚಕಲ್ಯಾಣದ ಪಾಕಶಾಲೆಯಲ್ಲಿ ಒಂದು ದಿನವಾದರೂ ದುಡಿದವರಿಗೆ ಅವರ ಶ್ರಮದ ಅಂದಾಜು ಸಿಕ್ಕೀತು.

ಸತ್ರಕ್ಕೆ ಬರಲಾರದವರೂ ಇದ್ದರು. ನಿನ್ನೆಯವರೆಗೆ ತಾವೇ ನಾಲ್ವರಿಗೆ ಇಕ್ಕುತ್ತಿದ್ದ ಕುಲೀನ ಗೃಹಸ್ಥರು, ಬೇಡುವ ಸಾಲಿನಲ್ಲಿ ಕುಳಿತುಕೊಳ್ಳಲಾರದೆ, ಮನೆಯ ಬಾಗಿಲು ಮುಚ್ಚಿ ಒಳಗೇ ಸೊರಗುತ್ತಿದ್ದರು. ಕ್ಷಾಮದಲ್ಲಿ ಮೊದಲು ಸಾಯುವವರಲ್ಲಿ ಇಂಥವರೂ ಸೇರಿರುತ್ತಾರೆ. ಜಗಡೂ ಇವರಿಗಾಗಿ ಉಂಡೆಗಳನ್ನು ಮಾಡಿಸಿ, ಪ್ರತಿಯೊಂದರೊಳಗೆ ಚಿನ್ನದ ನಾಣ್ಯವೊಂದನ್ನು ಹುದುಗಿಸಿ, ಇರುಳಿನಲ್ಲಿ ಅವರವರ ಮನೆಗಳಿಗೆ ಮುಟ್ಟಿಸಿದನು. ಅವಕ್ಕೆ ಲಜ್ಜಾಪಿಂಡಗಳೆಂದು ಹೆಸರು. ಕೊಟ್ಟವನ ಮುಖವನ್ನು ಕೊಂಡವನು ಕಾಣಲಿಲ್ಲ. ಕೊಂಡವನ ಮುಖವನ್ನು ನೆರೆಯವರು ಕಾಣಲಿಲ್ಲ. ಸಹಸ್ರಗಟ್ಟಲೆ ಮೂಟಕಗಳ ಲೆಕ್ಕಕ್ಕಿಂತ ಈ ಒಂದು ಉಂಡೆಯಲ್ಲಿ ಜಗಡೂವಿನ ಅಂತಃಕರಣ ಹೆಚ್ಚು ತಿಳಿಯಾಗಿ ಕಾಣುತ್ತದೆ.

ಮೂರು ವರ್ಷಗಳ ಅನಂತರ ಮಳೆ ಬಂದಿತು. ಸತ್ರಗಳ ಒಲೆಗಳು ಆರಿದವು. ಕೆಲವು ವರ್ಷಗಳ ಬಳಿಕ ಜಗಡೂ ದೇಹವಿಟ್ಟನು. ವೀಸಲದೇವನ ತರುವಾಯ 1262ರ ಸುಮಾರಿಗೆ ಪಟ್ಟವೇರಿದ ಅರ್ಜುನದೇವನು ಆ ಸುದ್ದಿಯನ್ನು ಕೇಳಿ ಗಟ್ಟಿಯಾಗಿ ಅತ್ತನೆಂದು ಕಾವ್ಯ ಬಣ್ಣಿಸುತ್ತದೆ. ಮನೆತನದ ಧರ್ಮಕಾರ್ಯಗಳನ್ನು ತಮ್ಮಂದಿರು ಮುಂದುವರಿಸಿದರು. ಜಗಡೂ ಜೀರ್ಣೋದ್ಧಾರ ಮಾಡಿಸಿದ ಭದ್ರೇಶ್ವರದ ಜಿನಾಲಯ ಹಲವು ಬಾರಿ ಹಾಳಾಗಿ ಹಲವು ಬಾರಿ ಎದ್ದಿತು. 2001ರ ಭೂಕಂಪದಲ್ಲಿ ಕುಸಿದ ಮೇಲೆಯೂ ಶ್ರಾವಕರು ಅದನ್ನು ಪುನಃ ಕಟ್ಟಿದ್ದಾರೆ. ಜಗಡೂವಿನ ಧಾನ್ಯದಿಂದ ಪ್ರಜೆಗಳನ್ನು ಉಳಿಸಿಕೊಂಡಿದ್ದ ಸಿಂಧದ ಒಡೆಯನು ಆತನ ಮರಣವಾರ್ತೆ ಮುಟ್ಟಿದಂದು, ಎರಡು ದಿನ ಅನ್ನವನ್ನು ಮುಟ್ಟಲಿಲ್ಲವಂತೆ.