ಕಲ್ಲಿಗೆ ಮಾತು ಕೊಟ್ಟ ಪ್ರೊ. ಕುಂದಣಗಾರರು

ಒಂದು ಸೀಮೆಯ ಇತಿಹಾಸವು ಅರಮನೆಯ ದಫ್ತರಗಳಲ್ಲಿ ಮಾತ್ರ ಇರುವುದಲ್ಲ. ಗುಡಿಯ ಗೋಡೆಯಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತ ಕಲ್ಲುಗಳಲ್ಲಿಯೂ ಅದು ಅಡಗಿರುತ್ತದೆ. ಓದುವವರಿಲ್ಲದಿದ್ದರೆ ಅಂಥ ಕಲ್ಲು ಮೆಟ್ಟಿಲಾಗಿಯೋ ಬಟ್ಟೆ ಒಗೆಯುವ ಬಂಡೆಯಾಗಿಯೋ ಸವೆದುಹೋಗುತ್ತದೆ. ಕೊಲ್ಲಾಪುರ ಸೀಮೆಯ ಶಾಸನಗಳನ್ನು ಇಂಥ ವಿನಾಶದಿಂದ ಉಳಿಸಿದ ವಿದ್ವಾಂಸರಲ್ಲಿ ಪ್ರೊ. ಕೆ. ಜಿ. ಕುಂದಣಗಾರರು ಪ್ರಾತಃಸ್ಮರಣೀಯರು.

ಅವರು 1895ರಲ್ಲಿ ಬೆಳಗಾವಿ ಜಿಲ್ಲೆಯ ಕೌಜಲಗಿಯಲ್ಲಿ ಜನಿಸಿದರು. ನಮ್ಮ ಚಂದಗಡ ತಾಲೂಕೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅದೇ ಜಿಲ್ಲೆಗೆ ಸೇರಿದ್ದುದರಿಂದ, ಅವರನ್ನು ನಮ್ಮ ಜಿಲ್ಲೆಯವರೆಂದೇ ನಾವು ಅಭಿಮಾನದಿಂದ ನೆನೆಯುತ್ತೇವೆ. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅವರು ಕನ್ನಡ ಪ್ರಾಧ್ಯಾಪಕರಾದರು. ಕೊಲ್ಲಾಪುರವು ಆಗ ಮರಾಠಾ ಅರಸರ ಸಂಸ್ಥಾನ. ಸದಲಗದ ಡಾ. ಆ. ನೇ. ಉಪಾಧ್ಯೆಯವರೂ ಅದೇ ಕಾಲೇಜಿನಲ್ಲಿ ಅರ್ಧಮಾಗಧಿಯ ಪ್ರಾಧ್ಯಾಪಕರಾಗಿದ್ದರು. ಹೀಗೆ ಮರಾಠಿಯ ನಡುವೆ ಕನ್ನಡ ಪಾಂಡಿತ್ಯಕ್ಕೆ ಅಲ್ಲಿ ಗೌರವದ ನೆಲೆ ದೊರೆತಿತ್ತು.

ಆ ನೆಲದ ಪೂರ್ವೇತಿಹಾಸವು ಕನ್ನಡವನ್ನು ಬಿಟ್ಟು ಪೂರ್ಣವಾಗಲಾರದು. ಅಲ್ಲಿ ಆಳಿದ ಶಿಲಾಹಾರ ಗಂಡರಾದಿತ್ಯನ ಕಾಲದ, 1118ರ ಹೆರ್ಲೆಯ ಶಾಸನವು ಕನ್ನಡದಲ್ಲಿದೆ. ವಿಜಯಾದಿತ್ಯನ ಕಾಲದ, 1143ರ ಕೊಲ್ಲಾಪುರದ ಶಾಸನವು ಸಂಸ್ಕೃತದಲ್ಲಿದ್ದರೂ ಅದರ ಲಿಪಿ ಹಳಗನ್ನಡದ್ದು. ಇಂಥ ಸಂಪತ್ತನ್ನು ಜನರ ಮುಂದಿಡುವುದನ್ನೇ ಕುಂದಣಗಾರರು ತಮ್ಮ ವ್ರತವಾಗಿ ಕೈಕೊಂಡರು.

ಶಾಸನ ಸಂಗ್ರಹವು ಕುಳಿತಲ್ಲಿ ಆಗುವ ಕೆಲಸವಲ್ಲ. ಕಲ್ಲನ್ನು ತೊಳೆದು, ಒದ್ದೆಯ ಕಾಗದವನ್ನು ಅದರ ಮೇಲೆ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿಯೊತ್ತಿ ಪಡಿಯಚ್ಚು ತೆಗೆಯಬೇಕು. ಬಳಿಕ ಸವೆದ ಅಕ್ಷರಗಳನ್ನು ಒಂದೊಂದಾಗಿ ಓದಿ, ಕಾಲವನ್ನು ನಿರ್ಣಯಿಸಬೇಕು. ಈ ಬಗೆಯ ವಿದ್ವತ್ತಿನ ಫಲವಾಗಿ 1939ರಲ್ಲಿ ಉತ್ತರ ಕರ್ನಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳ ಅವರ ಇಂಗ್ಲಿಷ್ ಸಂಪುಟವು ಕೊಲ್ಲಾಪುರದಲ್ಲಿ ಪ್ರಕಟವಾಯಿತು. ಊರೂರಿನ ಮೂಲೆಯಲ್ಲಿದ್ದ ಬರಹವು ಇದರಿಂದ ಕನ್ನಡಿಗರಿಗೂ ಮರಾಠಿಗರಿಗೂ ಸಮಾನವಾಗಿ ದೊರೆಯಿತು. ಪಂಪನ ಆದಿಪುರಾಣದ ಸಂಪಾದನೆಯಲ್ಲಿಯೂ ಅವರು ಶ್ರಮಿಸಿದರು. 1961ರಲ್ಲಿ ಗದಗಿನಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ನೀಡಿ ನಾಡು ಅವರನ್ನು ಗೌರವಿಸಿತು. 1965ರಲ್ಲಿ ಅವರು ಕೀರ್ತಿಶೇಷರಾದರು.

ಈ ಜೀವನದಿಂದ ಚಂದಗಡದವರಾದ ನಾವು ಕಲಿಯತಕ್ಕದ್ದು ಬಹಳವಿದೆ. ಸಹ್ಯಾದ್ರಿಯ ನಮ್ಮ ಗುಡ್ಡಗಳಿಂದ ಬಾಕ್ಸೈಟ್ ಅದಿರನ್ನು ಅಗೆದು ಬೆಳಗಾವಿಯ ಅಲ್ಯುಮಿನಿಯಂ ಕಾರ್ಖಾನೆಗೆ ಸಾಗಿಸಿದ್ದುಂಟು. ಅಗೆದ ಗುಡ್ಡಕ್ಕೆ ಮಣ್ಣು ತುಂಬಿ ಗಿಡ ನೆಡಬಹುದು. ಆದರೆ ಅದರ ಮೇಲಿದ್ದ ಹಳೆಯ ಕಲ್ಲು, ದಾರಿ, ಸ್ಥಳನಾಮ ಒಮ್ಮೆ ಕಳೆದರೆ ಮರಳಿ ಬಾರವು. ಪಾರಗಡ, ಮಹಿಪಾಳಗಡಗಳಂಥ ಕೋಟೆಗಳ ಹೆಸರನ್ನು ಎಲ್ಲರೂ ಬಲ್ಲರು. ಆದರೆ ಹಳ್ಳಿಯ ವೀರಗಲ್ಲಿನ ಕಥೆಯನ್ನು, ಗಣಿಯಲ್ಲಿ ದುಡಿದವರ ನೆನಪನ್ನು ಬರೆದಿಡುವವರು ಯಾರು?

ಆದುದರಿಂದ ನಮ್ಮ ಮನೆಗಳ ವಿದ್ಯಾರ್ಥಿಗಳು ಈ ಕಾರ್ಯವನ್ನು ಕೈಗೆತ್ತಿಕೊಳ್ಳಲಿ ಎಂದು ಹಾರೈಸುತ್ತೇವೆ. ಅಕ್ಷರವಿರುವ ಕಲ್ಲು ಕಂಡರೆ ಅದಕ್ಕೆ ಸುಣ್ಣ, ಎಣ್ಣೆಬಣ್ಣ ಬಳಿಯದಂತೆ ಹಿರಿಯರಿಗೆ ತಿಳಿಹೇಳಲಿ. ಅದನ್ನು ಕದಲಿಸದೆ ಛಾಯಾಚಿತ್ರ ತೆಗೆದು, ಊರು ಮತ್ತು ಸ್ಥಳವನ್ನು ಗುರುತು ಹಾಕಿ, ಬಲ್ಲವರಿಗೆ ತೋರಿಸಲಿ. ಅಜ್ಜ-ಅಜ್ಜಿಯರು ಕನ್ನಡದಲ್ಲಿ ಹೇಳಲಿ, ಮರಾಠಿಯಲ್ಲಿ ಹೇಳಲಿ, ಅವರ ಮಾತನ್ನು ಹೇಳಿದಂತೆಯೇ ಬರೆದಿಡಲಿ. ಕುಂದಣಗಾರರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ ಇದೇ.