ಪಾಚಿಯಲ್ಲಿ ಪ್ರಪಂಚ ಕಂಡ ಜವಳಿ ವರ್ತಕ

ಬಾವಿಯ ಮೆಟ್ಟಿಲಿಗೆ ಹತ್ತುವುದೂ ಪಾಚಿ, ಹಲ್ಲಿಗೆ ಕಟ್ಟುವುದೂ ಪಾಚಿ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು. ಸಸ್ಯಶಾಸ್ತ್ರದ ವಿದ್ವಾಂಸರು ಇದನ್ನು ಸುಲಭವಾಗಿ ಒಪ್ಪಲಾರರು. ಮೆಟ್ಟಿಲ ಮೇಲಿನ ಹಸಿರಿನಲ್ಲಿ ಬಿಸಿಲನ್ನುಂಡು ಬೆಳೆಯುವ ಜೀವಿಗಳಿವೆ, ಹಲ್ಲಿನದರಲ್ಲಿ ಅವಿಲ್ಲ ಎಂದು ಅವರು ಭೇದವೆಣಿಸುತ್ತಾರೆ, ಅದು ಸರಿಯೇ. ಆದರೂ ಜನರ ನುಡಿ ಸುಮ್ಮನೆ ಹುಟ್ಟುವುದಿಲ್ಲ. ಯಾದಗಿರಿಯ ಕೋಟೆಯ ಹೊಂಡಗಳಲ್ಲಿ, ಶಹಾಪುರದ ಬಾವಿಗಳಲ್ಲಿ, ಸುರಪುರದ ಹಳೆಯ ಮನೆಗಳ ಹರವಿಗಳಲ್ಲಿ, ಎಲ್ಲಿ ನೀರು ಕಲ್ಲಿಗೋ ಮಣ್ಣಿಗೋ ತಾಗಿ ನಿಲ್ಲುವುದೋ ಅಲ್ಲೆಲ್ಲ ಕೈಗೆ ಹತ್ತುವ ಜಾರು ಲೋಳೆಯು ಹಲ್ಲಿನ ಲೋಳೆಯ ದಾಯಾದಿಯೇ ಆಗಿದೆ. ಎರಡರಲ್ಲಿಯೂ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ತಾವೇ ಸ್ರವಿಸಿದ ಅಂಟಿನಲ್ಲಿ ಮನೆ ಕಟ್ಟಿಕೊಂಡು ಒಕ್ಕಲಾಗಿರುತ್ತವೆ. ಇಂದಿನ ವಿಜ್ಞಾನಿಗಳು ಇದನ್ನು ಬಯೋಫಿಲ್ಮ್ ಎಂದು ಕರೆಯುತ್ತಾರೆ. ನಾವು ಜೀವಿಪೊರೆ ಎನ್ನಬಹುದು. ಈ ಪೊರೆಯೊಳಗಿನ ಸಂಸಾರವನ್ನು ಮೊಟ್ಟಮೊದಲು ಕಂಡವನು ಪಂಡಿತನಲ್ಲ, ವೈದ್ಯನೂ ಅಲ್ಲ. ಬಟ್ಟೆ ಮಾರುತ್ತಿದ್ದ ಒಬ್ಬ ವರ್ತಕ. ಆತನ ಬಾಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆಂಟನ್ ವಾನ್ ಲೀವೆನ್‌ಹಾಕನು 1632ರ ಅಕ್ಟೋಬರ್ 24ರಂದು ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ ಜನಿಸಿದನು. ತಂದೆ ಬುಟ್ಟಿ ಹೆಣೆಯುವವನು. ಮಗನು ಇನ್ನೂ ಬಾಲಕನಾಗಿದ್ದಾಗಲೇ ತೀರಿಕೊಂಡನು. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತುವ ಯೋಗ ಹುಡುಗನಿಗೆ ಇರಲಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಜವಳಿ ಅಂಗಡಿಯೊಂದರಲ್ಲಿ ಕೆಲಸ ಕಲಿತನು. 1654ರಲ್ಲಿ ಊರಿಗೆ ಮರಳಿ ಮದುವೆಯಾಗಿ ಸ್ವಂತ ಅಂಗಡಿಯನ್ನಿಟ್ಟನು. ಹುಟ್ಟಿದ ಐವರು ಮಕ್ಕಳಲ್ಲಿ ಉಳಿದವಳು ಮರಿಯ ಎಂಬ ಮಗಳೊಬ್ಬಳೇ. 1666ರಲ್ಲಿ ಹೆಂಡತಿಯೂ ಅಗಲಿದಳು. 1660ರಿಂದ ನಗರಾಡಳಿತದಲ್ಲಿ ಒಂದು ಸಣ್ಣ ಹುದ್ದೆಯಿದ್ದುದರಿಂದ ಜೀವನಕ್ಕೆ ತೊಂದರೆಯಿರಲಿಲ್ಲ. ಚಿತ್ರಕಾರ ವರ್ಮೀರನು ಅದೇ ವರ್ಷ, ಅದೇ ಊರಿನಲ್ಲಿ ಹುಟ್ಟಿದವನು. ಅವನು ಸಾಲಗಾರನಾಗಿ ಮಡಿದಾಗ ಆಸ್ತಿಯ ವಿಲೇವಾರಿಗೆ ನಗರದವರು ನೇಮಿಸಿದ್ದು ಈ ವರ್ತಕನನ್ನೇ.

ಬಟ್ಟೆಯ ನೂಲೆಳೆಗಳನ್ನು ಎಣಿಸಲು ಜವಳಿ ವರ್ತಕರು ಭೂತಗನ್ನಡಿಯನ್ನು ಬಳಸುವುದು ಅಂದಿನ ವಾಡಿಕೆ. ಲೀವೆನ್‌ಹಾಕನ ಕೌತುಕವು ನೂಲಿಗೇ ನಿಲ್ಲಲಿಲ್ಲ. ತಾನೇ ಗಾಜನ್ನು ಕಾಯಿಸಿ, ಅರೆದು, ಜೋಳದ ಕಾಳಿಗಿಂತ ಕಿರಿದಾದ ಮಸೂರಗಳನ್ನು ಮಾಡಿ, ಲೋಹದ ಎರಡು ತಗಡುಗಳ ನಡುವೆ ಕೂಡಿಸಿದನು. ನೋಡಬೇಕಾದ ವಸ್ತುವನ್ನು ಒಂದು ಸೂಜಿಯ ಮೊನೆಗೆ ಸಿಕ್ಕಿಸಿ, ಉಪಕರಣವನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ಬೆಳಕಿಗೆ ಎತ್ತಬೇಕು. ಇಷ್ಟೇ ಅದರ ರಚನೆ. ಉಳಿದು ಬಂದಿರುವ ಅಂಥ ಸಾಧನವೊಂದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ.

1673ರಲ್ಲಿ ಡೆಲ್ಫ್ಟಿನ ವೈದ್ಯ ಡಿ ಗ್ರಾಫನು ಲಂಡನ್ನಿನ ರಾಯಲ್ ಸೊಸೈಟಿಗೆ ಈತನನ್ನು ಪರಿಚಯಿಸಿದನು. ಅಂದಿನಿಂದ ಆಯುಷ್ಯದ ಕೊನೆಯವರೆಗೂ ಆತನು ಆ ಸಂಸ್ಥೆಗೆ ಕಾಗದ ಬರೆಯುತ್ತಲೇ ಹೋದನು. ಬರೆದದ್ದು ಡಚ್ ಭಾಷೆಯಲ್ಲಿ. ವಿದ್ವತ್ತಿನ ಭಾಷೆಯೆನಿಸಿದ್ದ ಲ್ಯಾಟಿನ್ ಆತನಿಗೆ ಬಾರದು, ಇಂಗ್ಲಿಷೂ ಬಾರದು. ಸಂತೆಯಲ್ಲಿ, ಅಂಗಡಿಯಲ್ಲಿ ಆಡುವ ಮಾತಿನಲ್ಲಿಯೇ ತಾನು ಕಂಡದ್ದನ್ನು ಕಂಡಂತೆ ಬರೆದನು, ಬೇಕಾದವರು ಅನುವಾದಿಸಿಕೊಂಡರು. ಕನ್ನಡದಲ್ಲಿ ಓದಿದವರಿಗೆ ವಿಜ್ಞಾನವು ದಕ್ಕಲಾರದೆಂದು ಅಳುಕುವ ವಿದ್ಯಾರ್ಥಿಗಳನ್ನು ನಾನು ಪ್ರತಿವರ್ಷವೂ ಕಾಣುತ್ತೇನೆ. ಅವರಿಗೆ ನಾನು ಈತನ ಕಥೆಯನ್ನು ತಪ್ಪದೆ ಹೇಳುತ್ತೇನೆ.

1676ರಲ್ಲಿ ಮೆಣಸು ಏಕೆ ಖಾರವಾಗಿದೆಯೆಂದು ತಿಳಿಯುವ ಹಂಬಲ ಹುಟ್ಟಿತು. ಡಚ್ ಹಡಗುಗಳು ಪೂರ್ವ ದೇಶಗಳಿಂದ ಹೊತ್ತು ತರುತ್ತಿದ್ದ ಮೆಣಸನ್ನು ನೀರಿನಲ್ಲಿ ನೆನೆಹಾಕಿ, ಕೆಲವು ವಾರಗಳ ಮೇಲೆ ಒಂದು ಹನಿಯನ್ನು ನೋಡಿದನು. ಖಾರದ ಗುಟ್ಟು ತಿಳಿಯಲಿಲ್ಲ; ಅದರ ಬದಲು ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಓಡಾಡುವುದು ಕಂಡಿತು. ಲಂಡನ್ನಿನ ವಿದ್ವಾಂಸರು ನಂಬಲಿಲ್ಲ. ಆತನು ಪಾದ್ರಿಗಳನ್ನೂ ಊರಿನ ಇತರ ಗಣ್ಯರನ್ನೂ ಕರೆದು ತೋರಿಸಿ ಅವರಿಂದ ಸಾಕ್ಷಿಪತ್ರ ಬರೆಯಿಸಿ ಕಳುಹಿದನು. 1677ರಲ್ಲಿ ರಾಬರ್ಟ್ ಹುಕ್ ತಾನೇ ಪರೀಕ್ಷಿಸಿ ನಿಜವೆಂದು ಒಪ್ಪಿದ ಮೇಲೆ ಸಂದೇಹ ಹರಿಯಿತು. 1680ರಲ್ಲಿ ಜವಳಿ ವರ್ತಕನು ರಾಯಲ್ ಸೊಸೈಟಿಯ ಸದಸ್ಯನಾದನು.

1683ರ ಸೆಪ್ಟೆಂಬರ್ 17ರಂದು ಬರೆದ ಕಾಗದವು ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯವಾದುದು. ದಿನವೂ ಉಪ್ಪಿನಿಂದ ಹಲ್ಲುಜ್ಜುವ ಅಭ್ಯಾಸ ಆತನಿಗಿತ್ತು. ಆದರೂ ಹಲ್ಲಿನ ಸಂದಿಯಲ್ಲಿ ಬಿಳಿಯ ಪಾಚಿ ಉಳಿಯುತ್ತಿತ್ತು. ಅದನ್ನು ಕೆರೆದು, ಮಳೆನೀರಿನಲ್ಲಿ ಕದಡಿ ನೋಡಿದಾಗ ಅದು ಜೀವಿಗಳಿಂದ ತುಂಬಿತ್ತು. ಒಂದು ರಾಜ್ಯದ ಪ್ರಜೆಗಳಿಗಿಂತಲೂ ಹೆಚ್ಚಿನ ಸಂಖ್ಯೆ ಒಬ್ಬ ಮನುಷ್ಯನ ಬಾಯಲ್ಲಿದೆಯೆಂದು ಆತನು ಲೆಕ್ಕ ಹಾಕಿದನು. ಬಳಿಕ ಮತ್ತೊಂದು ಪರೀಕ್ಷೆಗೆ ತೊಡಗಿದನು. ದ್ರಾಕ್ಷಾರಸದ ಹುಳಿಯನ್ನು, ಅಂದರೆ ವಿನೆಗರನ್ನು, ಕದಡಿದ ಪಾಚಿಗೆ ಬೆರೆಸಿದರೆ ಜೀವಿಗಳು ಕೂಡಲೇ ಸತ್ತವು. ಆದರೆ ಅದೇ ಹುಳಿಯಿಂದ ಬಾಯಿ ಮುಕ್ಕಳಿಸಿ ಅನಂತರ ಪಾಚಿಯನ್ನು ತೆಗೆದರೆ ಒಳಗಿನವು ಬದುಕಿಯೇ ಇದ್ದವು. ಹುಳಿಯು ಮೇಲ್ಪದರದವುಗಳನ್ನಷ್ಟೇ ಕೊಂದಿದೆ, ಒಳಕ್ಕೆ ಇಳಿದಿಲ್ಲ ಎಂದು ಆತನು ತೀರ್ಮಾನಿಸಿದನು. ಕೈಗೂಡದ ಪ್ರಯೋಗವನ್ನು ಮರೆಮಾಚದೆ ಬರೆದಿಟ್ಟ ಈ ಒಂದು ಮಾತೇ ಆತನ ದೊಡ್ಡತನಕ್ಕೆ ಸಾಕ್ಷಿಯೆಂದು ನನ್ನ ಭಾವನೆ.

ಈ ಮಾತಿನ ಬೆಲೆ ತಿಳಿಯಲು ಸುಮಾರು ಮೂರು ಶತಮಾನಗಳು ಬೇಕಾದವು. ಗಾಜಿನ ಸೀಸೆಯೊಳಗೆ ಒಂಟಿಯಾಗಿ ತೇಲುವ ಬ್ಯಾಕ್ಟೀರಿಯವನ್ನೇ ವಿಜ್ಞಾನವು ಬಹುಕಾಲ ಅಭ್ಯಸಿಸಿತು. 1978ರಲ್ಲಿ ಕೆನಡಾದ ಕಾಸ್ಟರ್ಟನ್ ಮತ್ತು ಸಂಗಡಿಗರು, ಇವು ನಿಸರ್ಗದಲ್ಲಿ ಬಹುಮಟ್ಟಿಗೆ ಯಾವುದಾದರೊಂದು ಮೈಗೆ ಅಂಟಿಕೊಂಡು ಗುಂಪಾಗಿಯೇ ಬಾಳುತ್ತವೆಂದು ಸಾರಿದರು. ಗುಂಪಿನ ಸುತ್ತಲಿನ ಅಂಟು ಕೋಟೆಯಂತೆ ಕಾಯುತ್ತದೆ. ಒಳಗಿನವು ನಿಧಾನವಾಗಿ ಬೆಳೆಯುವುದರಿಂದಲೂ ಔಷಧದ ಪೆಟ್ಟು ತಾಗುವುದು ಕಡಿಮೆ. ಒಂಟಿ ಬ್ಯಾಕ್ಟೀರಿಯವನ್ನು ಕೊಲ್ಲುವ ಔಷಧದ ಪ್ರಮಾಣಕ್ಕಿಂತ ಸಾವಿರ ಪಟ್ಟನ್ನೂ ಕೆಲವೊಮ್ಮೆ ಪೊರೆಯೊಳಗಿನವು ತಾಳಿಕೊಳ್ಳುತ್ತವೆ. ರೋಗಿಯ ಮೂತ್ರನಳಿಕೆಯಲ್ಲಿ, ಕೃತಕ ಕೀಲಿನ ಮೇಲೆ, ಹೃದಯದ ಕೃತಕ ಕವಾಟದ ಮೇಲೆ ಈ ಪೊರೆ ಕಟ್ಟಿತೆಂದರೆ ಸೋಂಕು ಮರಳಿ ಮರಳಿ ಬರುತ್ತದೆ. ಕಾರ್ಖಾನೆಯ ಕೊಳವೆಗಳಲ್ಲಿ ಕಟ್ಟಿದರೆ ಲೋಹವನ್ನು ಸವೆಸುತ್ತದೆ, ಶಾಖ ಹರಿಯದಂತೆ ತಡೆಯುತ್ತದೆ. ಹಾಗೆಂದು ಇದು ಬರಿಯ ಶತ್ರುವಲ್ಲ. ನೀರನ್ನು ಮೆಲ್ಲನೆ ಮರಳಿನ ಮೂಲಕ ಇಳಿಸಿ ಶೋಧಿಸುವ ಕೊಳಗಳಲ್ಲಿ ಮರಳಿನ ಮೇಲೆ ಕಟ್ಟುವ ಇಂಥ ಪೊರೆಯೇ ರೋಗಾಣುಗಳನ್ನು ಹಿಡಿದು ನೀರನ್ನು ತಿಳಿಗೊಳಿಸುತ್ತದೆ.

ನಮ್ಮ ಊರುಗಳಿಗೆ ಇದರಿಂದ ಒಂದು ಪಾಠವಿದೆ. ಭೀಮೆ ಕೃಷ್ಣೆಯರ ನಡುವಣ ಈ ನೆಲದಲ್ಲಿ ಹರವಿಯನ್ನು ಬರಿಯ ನೀರಿನಿಂದ ಗಲಬರಿಸಿ ಬಿಡದೆ, ಒಳಗೆ ಕೈಹಾಕಿ ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕುವ ಹಿರಿಯ ಹೆಂಗಸರನ್ನು ಎಲ್ಲರೂ ಬಲ್ಲರು. ಅದು ಶಾಸ್ತ್ರೀಯವಾಗಿಯೂ ಸರಿಯಾದ ಕ್ರಮ. ಊರ ನೀರಿನ ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕುವುದು ಅವಶ್ಯ. ಆದರೆ ಗೋಡೆಗೆ ಹತ್ತಿದ ಲೋಳೆಯನ್ನು ಆಗಾಗ್ಗೆ ತಿಕ್ಕಿ ತೆಗೆಯದಿದ್ದರೆ ಪುಡಿಯು ತೇಲುವವುಗಳನ್ನು ಕೊಂದು, ಒಳಪದರದವುಗಳನ್ನು ಉಳಿಸುತ್ತದೆ. ಡೆಲ್ಫ್ಟಿನ ವರ್ತಕನು ತನ್ನ ಬಾಯಲ್ಲಿ ಕಂಡದ್ದು ಇದನ್ನೇ.

ಕೀರ್ತಿ ಬಂದಮೇಲೆ ಆತನನ್ನು ನೋಡಲು ದೊರೆಗಳೂ ಬಂದರು. 1698ರಲ್ಲಿ ರಷ್ಯದ ಮಹಾ ಪೀಟರನು ಆತನನ್ನು ಕಂಡು, ಹಾವುಮೀನಿನ ಬಾಲದಲ್ಲಿ ರಕ್ತ ಹರಿಯುವುದನ್ನು ನೋಡಿ ಬೆರಗಾದನು. ಆದರೆ ಮಸೂರ ಮಾಡುವ ಉತ್ತಮ ವಿಧಾನವನ್ನು ಆತನು ಯಾರಿಗೂ ಹೇಳಿಕೊಡಲಿಲ್ಲ. ಅದು ಆತನ ಕೊರತೆಯೇ ಸರಿ; ಆತನ ಕಾಲಾನಂತರ ಆ ಕೆಲಸ ಬಹುಕಾಲ ಕುಂಠಿತವಾಯಿತು. ಎರಡನೆಯ ಹೆಂಡತಿಯೂ ತೀರಿಕೊಂಡ ಬಳಿಕ ಮಗಳು ಮರಿಯಳೇ ಮನೆಯನ್ನು ನೋಡಿಕೊಂಡಳು. 1723ರ ಆಗಸ್ಟ್ 26ರಂದು, ತೊಂಬತ್ತು ತುಂಬಿದ ವಯಸ್ಸಿನಲ್ಲಿ ಲೀವೆನ್‌ಹಾಕನು ನಿಧನನಾದನು. ಆತನು ಬಯಸಿದ್ದಂತೆ ಬೆಳ್ಳಿಯ 26 ಸೂಕ್ಷ್ಮದರ್ಶಕಗಳಿದ್ದ ಪೆಟ್ಟಿಗೆಯೊಂದನ್ನು ಮರಿಯಳು ಲಂಡನ್ನಿಗೆ ಕಳುಹಿಸಿದಳು. ಮುಂದೆ ಆ ಪೆಟ್ಟಿಗೆ ಕಳೆದುಹೋಯಿತು. ಡಚ್ ಭಾಷೆಯ ಕಾಗದಗಳು ಮಾತ್ರ ಉಳಿದಿವೆ. ಹುಳಿಯಿಂದ ಸಾಯದೆ ಉಳಿದ ಆ ಜೀವಿಗಳ ವೃತ್ತಾಂತವು ಅವುಗಳಲ್ಲಿ ಇಂದಿಗೂ ಓದಲು ಸಿಗುತ್ತದೆ.