ಮದ್ದಿನ ಮಿತಿಯನ್ನು ಅಳೆದ ಬೆಂಜಮಿನ್ ರಾಬಿನ್ಸ್

ಮದರಾಸಿನ ದಕ್ಷಿಣಕ್ಕೆ, ಕಡಲೂರಿನ ಬಳಿಯ ದೇವನಾಂಪಟ್ಟಣದ ಕಡಲತೀರದಲ್ಲಿದ್ದ ಸೇಂಟ್ ಡೇವಿಡ್ ಕೋಟೆಯಲ್ಲಿ 1751ನೆಯ ಇಸವಿ ಜುಲೈ 29ರಂದು ಆಂಗ್ಲ ಗಣಿತಜ್ಞನೊಬ್ಬನು ಕಾಲವಾದನು. ಫಿರಂಗಿಯ ವಿದ್ಯೆಯನ್ನು ಅಂದಾಜಿನಿಂದ ಬಿಡಿಸಿ ಲೆಕ್ಕಕ್ಕೆ ತಂದ ಬೆಂಜಮಿನ್ ರಾಬಿನ್ಸನೇ ಆತನು.

ಬಾತ್ ಪಟ್ಟಣದ ಬಡ ಕ್ವೇಕರ್ ಕುಟುಂಬದಲ್ಲಿ 1707ರಲ್ಲಿ ಹುಟ್ಟಿದ ಈತನಿಗೆ ವಿಶ್ವವಿದ್ಯಾಲಯದ ಓದು ದೊರೆಯಲಿಲ್ಲ. ಲಂಡನ್ನಿಗೆ ಹೋಗಿ ಗಣಿತಪಾಠ ಹೇಳಿ ಹೊಟ್ಟೆ ಹೊರೆದನು. ಊರು ಬಿಟ್ಟು ಮಹಾನಗರ ಸೇರಿದ ನಮ್ಮ ವಾಚಕರಿಗೆ ಈ ಬಗೆಯ ಬಾಳು ಅಪರಿಚಿತವಲ್ಲ. ಆದರೂ 1727ರಲ್ಲೇ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು.

ಆಗಿನ ಕೋವಿ ಫಿರಂಗಿಗಳಿಗೆ ಬಾಯಿಯ ಕಡೆಯಿಂದಲೇ ಮದ್ದು ಸುರಿದು, ಗುಂಡನ್ನು ಗಿಡಿಯಬೇಕಾಗಿತ್ತು. ಮದ್ದು ಹೆಚ್ಚಿದಷ್ಟೂ ಹೊಡೆತ ಹೆಚ್ಚೆಂಬ ನಂಬಿಕೆ ಬಲವಾಗಿತ್ತು. ನಳಿಕೆ ಸಿಡಿದರೆ ಸಾಯುವವನು ಶತ್ರುವಲ್ಲ, ಬಳಿ ನಿಂತವನು; ಸ್ಕಾಟ್ಲೆಂಡಿನ ದೊರೆ ಎರಡನೆಯ ಜೇಮ್ಸ್ 1460ರಲ್ಲಿ ತನ್ನ ಪಡೆಯ ಫಿರಂಗಿಯೇ ಸಿಡಿದು ಮಡಿದನು. ಹೊಸ ನಳಿಕೆಗೆ ವಾಡಿಕೆಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ಬಿರಿಯದಿದ್ದರೆ ಒಪ್ಪಿಕೊಳ್ಳುವ ಪರೀಕ್ಷೆಯೇನೋ ಇತ್ತು. ನಳಿಕೆ ತಾಳೀತೆಂಬುದನ್ನು ಅದು ತೋರಿಸುತ್ತಿತ್ತು. ಅಷ್ಟು ಮದ್ದಿನಿಂದ ಲಾಭವೇನೆಂಬುದನ್ನು ತೋರಿಸುತ್ತಿರಲಿಲ್ಲ.

ಈ ಲಾಭವನ್ನು ಅಳೆಯಲು ರಾಬಿನ್ಸನು ಹೂಡಿದ ಉಪಾಯ ಬಹು ಸರಳ. ಕಬ್ಬಿಣದ ತಟ್ಟೆಗೆ ದಪ್ಪ ಮರದ ಹಲಗೆ ಜೋಡಿಸಿ, ಮೂರು ಕಾಲಿನ ಕಂಬದಿಂದ ಉಯ್ಯಾಲೆಯಂತೆ ತೂಗಬಿಟ್ಟನು. ಗುಂಡು ನಾಟಿದೊಡನೆ ಹಲಗೆ ಹಿಂದಕ್ಕೆ ತೂಗುವುದು. ತಳದ ಪಟ್ಟಿ ಎಷ್ಟು ಎಳೆಯಲ್ಪಟ್ಟಿತೆಂದು ನೋಡಿ, ಹಲಗೆಯ ಮತ್ತು ಗುಂಡಿನ ತೂಕ ತಿಳಿದರೆ ವೇಗ ಕೈಗೆ ಸಿಗುವುದು. ಮುಕ್ಕಾಲು ಅಂಗುಲದ ಸೀಸದ ಗುಂಡು ಸೆಕೆಂಡಿಗೆ 1,600 ಅಡಿಗೂ ಮಿಕ್ಕಿ ಹಾರುವುದೆಂದು ಕಂಡಿತು. ಅಚ್ಚರಿಯ ಸಂಗತಿ ಮುಂದಿನದು: ಆ ವೇಗದಲ್ಲಿ ಗಾಳಿಯ ತಡೆ ಗುಂಡಿನ ತೂಕದ ಸುಮಾರು 120 ಪಾಲು! ಹೆಚ್ಚು ಮದ್ದು ಕೊಟ್ಟ ವೇಗವನ್ನು ಗಾಳಿ ಬೇಗನೆ ನುಂಗಿಬಿಡುತ್ತಿತ್ತು. ಆದಕಾರಣ ರಣರಂಗದ ಫಿರಂಗಿಗೆ ಗುಂಡಿನ ತೂಕದ ಆರನೆಯ ಒಂದು ಪಾಲು, ಹೆಚ್ಚೆಂದರೆ ಐದನೆಯ ಒಂದು ಪಾಲು ಮದ್ದು ಸಾಕು; ಕೋಟೆ ಒಡೆಯುವ ಫಿರಂಗಿಗೂ ಮೂರನೆಯ ಒಂದು ಪಾಲನ್ನು ಮೀರಬಾರದು ಎಂದು ಆತನು ವಿಧಿಸಿದನು.

1742ರಲ್ಲಿ ಪ್ರಕಟವಾದ ಅವನ ಗ್ರಂಥವನ್ನು ಮಹಾಗಣಿತಜ್ಞ ಆಯ್ಲರನು 1745ರಲ್ಲಿ ವಿಸ್ತಾರವಾದ ಟಿಪ್ಪಣಿಗಳೊಡನೆ ಜರ್ಮನ್ ಭಾಷೆಗೆ ತಂದನು. 1746ರಲ್ಲಿ ರಾಯಲ್ ಸೊಸೈಟಿಯ ಕೋಪ್ಲಿ ಪದಕ ಬಂದಿತು. ಆದರೆ ಅದಕ್ಕೆ ಮೊದಲೇ ವುಲ್ವಿಚ್ ಸೈನಿಕ ಶಾಲೆಯಲ್ಲಿ ಬಯಸಿದ್ದ ಉಪಾಧ್ಯಾಯ ಹುದ್ದೆ ಕೈತಪ್ಪಿತ್ತು. ಪ್ರಧಾನಿ ವಾಲ್‌ಪೋಲನನ್ನು ಟೀಕಿಸಿ ಕಿರುಹೊತ್ತಗೆಗಳನ್ನು ಬರೆದವನಿಗೆ ಸರ್ಕಾರದ ಕೃಪೆ ಎಲ್ಲಿಯದು?

ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಇಂಜಿನಿಯರಾಗಿ 1750ರ ಜುಲೈಯಲ್ಲಿ ಈ ತೀರಕ್ಕೆ ಬಂದಿಳಿದನು. ಫ್ರೆಂಚರಿಂದ ಹಿಂದಿನ ವರ್ಷವಷ್ಟೇ ಮರಳಿ ಬಂದಿದ್ದ ಮದರಾಸನ್ನೂ ಸೇಂಟ್ ಡೇವಿಡ್ ಕೋಟೆಯನ್ನೂ ಭದ್ರಪಡಿಸುವ ನಕ್ಷೆಗಳು ಸಿದ್ಧವಾಗುತ್ತಿದ್ದವು. ಅಷ್ಟರಲ್ಲಿ ಜ್ವರ ಹಿಡಿಯಿತು. ಒಂದು ವರ್ಷ ತುಂಬಿದೊಡನೆ ಆಯುಸ್ಸೂ ಮುಗಿಯಿತು. 1758ರಲ್ಲಿ ಫ್ರೆಂಚರು ಸೇಂಟ್ ಡೇವಿಡ್ ಕೋಟೆಯನ್ನು ಹಿಡಿದು ಕೆಡವಿದರು.